ಬಳಸುವವರ ಬಳಗ: ‘ಷೇರ್’ ಸಂಸ್ಥೆಯ ಕಥೆ

ಕೊಂಡ ಯಂತ್ರದಲ್ಲಿ ದೋಷ ಕಂಡರೆ ತಯಾರಕರಿಗೆ ಕಾಗದ ಬರೆಯುವುದನ್ನು ಈ ದೇಶಕ್ಕೆ ಬಂದ ಮೇಲೆ ನಾವೆಲ್ಲ ಕಲಿತಿದ್ದೇವೆ. ಉತ್ತರವೂ ಬರುತ್ತದೆ. ಅದರ ತುಂಬ ಸವಿಮಾತುಗಳೇ ಇರುತ್ತವೆ. ಯಂತ್ರ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಅತ್ತರೆ ತಾಯಿ ಹಾಲು ಕೊಡುತ್ತಾಳೆಂಬ ಮಾತು ತಾಯಿಗೆ ಸರಿ, ಕಂಪನಿಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಹೀಗಿರುವಾಗ, ಬಳಸುವವರೆಲ್ಲ ಕೂಡಿ ಒಂದು ಬೃಹತ್ ಕಂಪನಿಯು ಆಗಲೇ ಮಾರಿ, ಬಾಡಿಗೆಗೆ ಕೊಟ್ಟು, ಊರೂರಿಗೆ ಕಳುಹಿಸಿದ್ದ ಯಂತ್ರಗಳ ಒಳಗಿನ ಲೆಕ್ಕಾಚಾರವನ್ನೇ ತಿದ್ದಿಸಿದರು ಎಂದರೆ ನಂಬುವುದು ಕಷ್ಟ. ಆದರೆ ಅದು ನಡೆದದ್ದು ನಿಜ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಮೈನ್‌ಫ್ರೇಮ್ ಗಣಕಗಳನ್ನು ನಂಬಿಯೇ ಇಲ್ಲಿಗೆ ಬಂದವರಾದ್ದರಿಂದ, ಸಂಘದ ಹುಟ್ಟುಹಬ್ಬದ ಈ ಸಂಚಿಕೆಯಲ್ಲಿ ಇನ್ನೊಂದು ಸಂಘದ ಹುಟ್ಟಿನ ಕಥೆ ಹೇಳುವುದು ಅಪ್ರಸ್ತುತವಾಗಲಾರದು.

1952ರಲ್ಲಿ ಐಬಿಎಂ ಕಂಪನಿ 701 ಎಂಬ ವೈಜ್ಞಾನಿಕ ಗಣಕವನ್ನು ಪ್ರಕಟಿಸಿತು. ತಯಾರಾದವು ಒಟ್ಟು ಹತ್ತೊಂಬತ್ತು. ತಿಂಗಳ ಬಾಡಿಗೆಯೇ ಹತ್ತು ಸಾವಿರ ಡಾಲರ್ ಮೀರುತ್ತಿತ್ತು. ಆಗ ಐಬಿಎಂ ಯಂತ್ರಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ಮಾರಾಟಕ್ಕೂ ಇಡಬೇಕೆಂದು ನ್ಯಾಯಾಲಯದ ಮೂಲಕ ಒಪ್ಪಂದವಾದದ್ದು 1956ರ ಜನವರಿಯಲ್ಲಿ. ಇಷ್ಟು ಬಾಡಿಗೆ ತೆತ್ತರೂ ಯಂತ್ರದ ಜೊತೆಗೆ ಬರುತ್ತಿದ್ದ ಪ್ರೋಗ್ರಾಮುಗಳು ಅತ್ಯಲ್ಪ. ಸೈನ್ ಕೋಷ್ಟಕವನ್ನು ಲೆಕ್ಕ ಹಾಕುವುದರಿಂದ ಹಿಡಿದು ಕಾರ್ಡುಗಳನ್ನು ಓದುವವರೆಗೆ ಎಲ್ಲವನ್ನೂ ಬಾಡಿಗೆದಾರನೇ ಬರೆದುಕೊಳ್ಳಬೇಕಿತ್ತು. ಲಾಸ್ ಏಂಜಲೀಸ್ ಸುತ್ತಮುತ್ತಲ ವಿಮಾನ ಕಂಪನಿಗಳು ಒಂದೇ ಕೆಲಸವನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂತು ಮಾಡುತ್ತಿದ್ದವು, ಒಂದೇ ಬೀದಿಯ ಹತ್ತು ಮನೆಗಳವರು ಹತ್ತು ಬಾವಿ ತೋಡಿದ ಹಾಗೆ.

1954ರಲ್ಲಿ 704 ಎಂಬ ಹೊಸ ಮಾದರಿಯನ್ನು ಪ್ರಕಟಿಸಿದಾಗ ಇವರಿಗೆ ಎಚ್ಚರವಾಯಿತು. ಹಳೆಯದಕ್ಕೆ ಬರೆದ ಪ್ರೋಗ್ರಾಮುಗಳು ಹೊಸದರಲ್ಲಿ ಓಡುವಂತಿರಲಿಲ್ಲ. ಮತ್ತೆ ಹತ್ತು ಬಾವಿ ತೋಡಬೇಕು! 1955ರ ಆಗಸ್ಟಿನಲ್ಲಿ ಸಾಂಟಾ ಮೋನಿಕಾದ ರ್‍ಯಾಂಡ್ ಕಾರ್ಪೊರೇಷನ್ನಿನಲ್ಲಿ ಹದಿನೇಳು ಹದಿನೆಂಟು ಸಂಸ್ಥೆಗಳ ಪ್ರತಿನಿಧಿಗಳು ಸೇರಿದರು. ಇವರಲ್ಲಿ ಕೆಲವರು ಸರಕಾರದ ಗುತ್ತಿಗೆಗಳಿಗಾಗಿ ಒಬ್ಬರೊಡನೊಬ್ಬರು ಪೈಪೋಟಿ ನಡೆಸುತ್ತಿದ್ದ ಕಂಪನಿಗಳವರು. ಅಲ್ಲಿ ಹುಟ್ಟಿದ ಕೂಟಕ್ಕೆ ‘ಷೇರ್’ ಎಂದು ಹೆಸರಿಟ್ಟರು. ಹಂಚಿಕೊಳ್ಳುವುದು ಎಂಬುದೇ ಅದರ ಅರ್ಥ. ಪ್ರತಿ ಅಕ್ಷರಕ್ಕೂ ಒಂದೊಂದು ಪದ ಹೊಂದಿಸಿ ವಿವರಿಸಿದ್ದು ಆಮೇಲಿನ ತಮಾಷೆ.

ಕೆಲಸದ ಕ್ರಮ ಸರಳವಾಗಿತ್ತು. ಯಾರು ಬರೆದ ಪ್ರೋಗ್ರಾಮಾದರೂ ಎಲ್ಲರಿಗೂ ಸೇರಿದ್ದು. ಹೆಸರಿನ ಮೊದಲಿಗೆ ಬರೆದ ಸಂಸ್ಥೆಯ ಎರಡಕ್ಷರದ ಗುರುತು ಇರಬೇಕು, ಅಷ್ಟೆ. ಪ್ರತಿ ತೆಗೆದು ಹಂಚುವ ಕೆಲಸವನ್ನು ಐಬಿಎಂ ವಹಿಸಿಕೊಂಡಿತು. ಸಂಕೇತಗಳಲ್ಲಿ ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವ ಅಸೆಂಬ್ಲರ್ ಯಾವುದಿರಬೇಕೆಂಬ ಪ್ರಶ್ನೆ ಬಂದಾಗ, ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯ ರಾಯ್ ನಟ್ ಬರೆದದ್ದನ್ನು ಕೂಟ ಸ್ವೀಕರಿಸಿತು. ಯಂತ್ರ ತಯಾರಿಸಿದವರ ಕೃತಿಯಲ್ಲ, ಬಳಸುವವನೊಬ್ಬನ ಕೃತಿಯೇ ಎಲ್ಲರ ಮಾದರಿಯಾಯಿತು! ಅದೇ ರೀತಿ 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸೇರಿ 704ಕ್ಕೆ ಬರೆದ ನಿರ್ವಾಹಕ ಪ್ರೋಗ್ರಾಮನ್ನು ಆಪರೇಟಿಂಗ್ ಸಿಸ್ಟಮ್‌ಗಳ ಮೂಲಪುರುಷ ಎನ್ನುವವರಿದ್ದಾರೆ. ಮುಂದೆ 709 ಗಣಕಕ್ಕಾಗಿ ಕೂಟವೇ ಒಂದು ಆಪರೇಟಿಂಗ್ ಸಿಸ್ಟಮ್ ರೂಪಿಸಿತು. 1963ರಲ್ಲಿ ಐಬಿಎಂ ಜೊತೆ ಕುಳಿತು ಪಿಎಲ್/ಒನ್ ಎಂಬ ಭಾಷೆಯನ್ನೂ ರೂಪಿಸಲು ತೊಡಗಿತು. ಆ ಭಾಷೆಯಲ್ಲಿ ಎಲ್ಲರ ಆಸೆಯನ್ನೂ ತುಂಬಲು ಹೋಗಿ ಅದು ಹೆಚ್ಚೇ ದಪ್ಪವಾಯಿತು ಎಂಬ ದೂರಿನಲ್ಲಿ ನಮಗೂ ಸಹಾನುಭೂತಿಯಿದೆ.

ಇನ್ನು ನಮ್ಮ ಮುಖ್ಯ ಕಥೆ. 1964ರ ಏಪ್ರಿಲ್ 7ರಂದು ಐಬಿಎಂ ‘ಸಿಸ್ಟಮ್/360’ ಎಂಬ ಗಣಕಗಳ ಕುಟುಂಬವನ್ನೇ ಪ್ರಕಟಿಸಿತು. ಸಣ್ಣದರಿಂದ ದೊಡ್ಡದರವರೆಗೆ ಎಲ್ಲದರಲ್ಲೂ ಒಂದೇ ಪ್ರೋಗ್ರಾಮ್ ಓಡುತ್ತದೆ ಎಂಬುದು ಅದರ ಹಿರಿಮೆ. ಆದರೆ ದಶಮಾಂಶ ಬಿಂದು ಅತ್ತಿತ್ತ ಸರಿಯುವ ಸಂಖ್ಯೆಗಳ ಲೆಕ್ಕದಲ್ಲಿ, ಅಂದರೆ ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಜೀವಾಳವಾದ ಲೆಕ್ಕದಲ್ಲಿ, ಎರಡು ತೊಡಕುಗಳಿದ್ದವು. ಹಳೆಯ 7094 ಗಣಕದ ಪದದಲ್ಲಿ 36 ಬಿಟ್‌ಗಳಿದ್ದವು, ಹೊಸದರಲ್ಲಿ 32. ಅದರ ಮೇಲೆ ಎರಡರ ಆಧಾರವನ್ನು ಬಿಟ್ಟು ಹದಿನಾರರ ಆಧಾರ ಹಿಡಿದಿದ್ದರು. ಹಳೆಯ ಯಂತ್ರ ಸುಮಾರು ಎಂಟು ಅಂಕಿಗಳವರೆಗೆ ಸರಿಯಾಗಿ ಹಿಡಿಯುತ್ತಿದ್ದ ಕಡೆ ಹೊಸದು ಆರೇಳಕ್ಕೇ ನಿಲ್ಲುತ್ತಿತ್ತು. ಆದ್ದರಿಂದ ಜನ ಎರಡು ಪದ ಬಳಸುವ ‘ದೀರ್ಘ’ ಲೆಕ್ಕಕ್ಕೆ ಹೋದರು. ಅಲ್ಲಿತ್ತು ಎರಡನೆಯ ತೊಡಕು.

ಕಾಗದದ ಮೇಲೆ ಮಾಡಿ ನೋಡೋಣ. ನಾಲ್ಕೇ ಅಂಕಿ ಹಿಡಿಯುವ ಯಂತ್ರವೊಂದಿದೆ ಎನ್ನಿ. 1.000ದಿಂದ 0.9999 ಕಳೆಯಬೇಕು. ಬಿಂದುಗಳನ್ನು ಒಂದರ ಕೆಳಗೊಂದು ತರಲು ಎರಡನೆಯ ಸಂಖ್ಯೆ ಒಂದು ಮನೆ ಬಲಕ್ಕೆ ಸರಿಯುತ್ತದೆ. ಕೊನೆಯ 9ಕ್ಕೆ ಜಾಗವಿಲ್ಲದೆ ಅದು ಉದುರುತ್ತದೆ. ಉಳಿದದ್ದು 0.999. ಉತ್ತರ 0.001. ಸರಿಯಾದ ಉತ್ತರ 0.0001. ಹತ್ತು ಪಟ್ಟು ತಪ್ಪು! ಹದಿನಾರರ ಆಧಾರದಲ್ಲಿ ಈ ತಪ್ಪು ಹದಿನಾರು ಪಟ್ಟು. ಉದುರುವ ಆ ಅಂಕಿಯನ್ನು ಕಳೆಯುವವರೆಗೆ ಹಿಡಿದಿಡಲು ಇನ್ನೊಂದೇ ಒಂದು ಮನೆ ಇದ್ದರೆ ಸಾಕಿತ್ತು. ಅದನ್ನು ‘ಗಾರ್ಡ್ ಡಿಜಿಟ್’ ಎನ್ನುತ್ತಾರೆ. ಕಾವಲು ಅಂಕಿ ಎನ್ನೋಣ. 360ರ ‘ಹ್ರಸ್ವ’ ಲೆಕ್ಕದಲ್ಲಿ ಕಾವಲಿತ್ತು, ‘ದೀರ್ಘ’ ಲೆಕ್ಕದಲ್ಲಿ ಇರಲಿಲ್ಲ. ಗುಣಾಕಾರದಲ್ಲೂ ಅದೇ ಪಾಡು: ಒಂದು ಸಂಖ್ಯೆಯನ್ನು ಒಂದರಿಂದ ಗುಣಿಸಿದರೆ ಅದರ ಕೊನೆಯ ಅಂಕಿ ಕಾಣೆಯಾಗಬಹುದಿತ್ತು. ಒಂದೊಂದ್ಲಿ ಒಂದು ಎಂದು ಮಗ್ಗಿ ಹೇಳಿ ಬೆಳೆದ ನಮಗೆ ಇದನ್ನು ಮೊದಲು ಕೇಳಿದಾಗ ನಗು ಬಂದಿತ್ತು. ಸೇತುವೆಯ ಭಾರವನ್ನೂ ರೆಕ್ಕೆಯ ಕಂಪನವನ್ನೂ ಲೆಕ್ಕ ಹಾಕುತ್ತಿದ್ದವರಿಗೆ ನಗು ಬಂದಿರಲಾರದು.

ಈ ದೂರನ್ನು ಒಬ್ಬಿಬ್ಬರು ಎತ್ತಿದ್ದರೆ, ನಿಮ್ಮ ಪ್ರೋಗ್ರಾಮನ್ನೇ ಸ್ವಲ್ಪ ತಿದ್ದಿಕೊಳ್ಳಿ ಎಂಬ ಉತ್ತರ ಬರುತ್ತಿತ್ತೇನೋ. ಆದರೆ ಷೇರ್ ಒಳಗೆ ಸಂಖ್ಯಾ ಲೆಕ್ಕದ ಪರಿಣತರ ಗುಂಪೇ ಇತ್ತು. ಆಗ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ವಿಲಿಯಂ ಕಹಾನ್ ಅವರಂಥವರು, ಈ ಅಂಕಗಣಿತದಿಂದ ಯಾವ ಯಾವ ಲೆಕ್ಕ ಹೇಗೆ ಕೆಡುತ್ತದೆಂದು ಉದಾಹರಣೆ ಸಮೇತ ತೋರಿಸಿದರು. ಸಣ್ಣ ಸಣ್ಣ ಉದಾಹರಣೆಗಳು. ಯಾರು ಬೇಕಾದರೂ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು, ಅಲ್ಲಗಳೆಯಲು ಬರುವುದಿಲ್ಲ. 1968ರಲ್ಲಿ ಐಬಿಎಂ ಒಪ್ಪಿತು. ದೀರ್ಘ ಲೆಕ್ಕಕ್ಕೂ ಕಾವಲು ಅಂಕಿ ಸೇರಿಸಿತು. ಹೊಸ ಯಂತ್ರಗಳಿಗೆ ಸೇರಿಸುವುದು ದೊಡ್ಡದಲ್ಲ. ಆಗಲೇ ಗ್ರಾಹಕರ ಬಳಿ ನಿಂತಿದ್ದ ಯಂತ್ರಗಳನ್ನೆಲ್ಲ ಅಲ್ಲಲ್ಲಿಗೇ ಹೋಗಿ ಬದಲಾಯಿಸಿತು. ಹದಿನಾರರ ಆಧಾರವನ್ನು ಮಾತ್ರ ಬಿಡಲಿಲ್ಲ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು.

ಕಂಪನಿ ಏಕೆ ಬಗ್ಗಿತು? ಪುರಾವೆ ಗಟ್ಟಿಯಿತ್ತು ಎಂಬುದು ಒಂದು ಕಾರಣ. ಇನ್ನೊಂದು, ನಮಗೆ ತೋರುವಂತೆ, ಬಾಡಿಗೆ. ತಿಂಗಳು ತಿಂಗಳು ಹಣ ಕೊಡುವವನು ಯಂತ್ರ ಹಿಂದಕ್ಕೆ ಒಯ್ಯಿರಿ ಎನ್ನಬಲ್ಲ. ಅಂಥವರು ನೂರಾರು ಮಂದಿ ಒಂದೇ ಸಭೆಯಲ್ಲಿ ಕುಳಿತಿದ್ದಾರೆಂದರೆ ಕಂಪನಿಯ ಕಿವಿ ತಾನಾಗಿ ಚುರುಕಾಗುತ್ತದೆ.

ಈ ಬಲ ಭಾರತದಲ್ಲಿ ಇರಲಿಲ್ಲ. ಗಣಕ ಬಳಸುವವರ ಒಂದು ಸಣ್ಣ ಗುಂಪು 1965ರಲ್ಲಿ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಆಗಿ ರೂಪುಗೊಂಡಿತ್ತು, ನಿಜ. 1970ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಇದೇ 360 ಕುಟುಂಬದ ಮಾದರಿ 44 ಬಂದಿತ್ತು. ಆದರೆ ದೇಶದಲ್ಲಿ ಬಹುಕಾಲ ಬಾಡಿಗೆಗೆ ಓಡಿದ್ದು ಬೇರೆ ದೇಶಗಳಲ್ಲಿ ದುಡಿದು ದಣಿದ ಹಳೆಯ 1401 ಯಂತ್ರಗಳು. ಬೇಡವೆಂದು ಹಿಂದಿರುಗಿಸಿದರೆ ಕೈಗೆಟುಕುವ ಬೇರೆ ದಾರಿಗಳು ಕಡಿಮೆ. ಕೊನೆಗೆ ಕಂಪನಿಯೊಡನೆ ಮಾತಿಗೆ ಕುಳಿತದ್ದು ಸರಕಾರ, ಅದೂ ಯಂತ್ರದ ಗುಣದ ಬಗ್ಗೆಯಲ್ಲ, ಬಂಡವಾಳದ ಪಾಲಿನ ಬಗ್ಗೆ. 1973ರ ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ವಿದೇಶಿ ಪಾಲನ್ನು ಇಳಿಸಲು ಐಬಿಎಂ ಒಪ್ಪದೆ 1978ರಲ್ಲಿ ದೇಶ ಬಿಟ್ಟಿತು. ಎಂಟುನೂರಕ್ಕೂ ಮಿಕ್ಕಿದ ಸ್ಥಳಗಳಲ್ಲಿದ್ದ ಯಂತ್ರಗಳ ದುರಸ್ತಿಯನ್ನು ಸರಕಾರಿ ಸಂಸ್ಥೆಯಾದ ಸಿಎಂಸಿ ಹೊತ್ತುಕೊಂಡಿತು. ಆ ಎಂಜಿನಿಯರುಗಳ ಸಾಹಸವನ್ನು ಯಾರಾದರೂ ಬಲ್ಲವರು ಬರೆಯಬೇಕು. ಐಬಿಎಂ 1992ರಲ್ಲಿ ಟಾಟಾ ಜೊತೆ ಕೂಡಿ ಮರಳಿ ಬಂದದ್ದು ನಮ್ಮ ಬೆಂಗಳೂರಿಗೇ.

ಅಮೆರಿಕದಲ್ಲಿಯೂ ಷೇರ್ ಗೆದ್ದದ್ದೇ ಗೆದ್ದದ್ದು ಎಂದೇನಿಲ್ಲ. 1983ರ ಫೆಬ್ರವರಿಯಲ್ಲಿ ಐಬಿಎಂ, ಇನ್ನು ಮುಂದೆ ತನ್ನ ತಂತ್ರಾಂಶಗಳ ಮೂಲ ಬರಹವನ್ನು ಗ್ರಾಹಕರಿಗೆ ಕೊಡುವುದಿಲ್ಲ, ಯಂತ್ರ ಓದುವ ರೂಪವನ್ನಷ್ಟೇ ಕೊಡುತ್ತೇನೆ ಎಂದಿತು. ಮೂಲ ಬರಹವನ್ನು ಓದಿ, ತಪ್ಪು ಹುಡುಕಿ, ತಿದ್ದಿ ಕಂಪನಿಗೇ ಕಳುಹಿಸುತ್ತಿದ್ದ ವಿಎಂ ಬಳಕೆದಾರರಿಗೆ ಇದು ಮನೆಯ ಅಡುಗೆಕೋಣೆಗೇ ಬೀಗ ಹಾಕಿದಂತೆ. ಸಭೆ ಸಭೆಗಳಲ್ಲಿ ವರ್ಷಗಟ್ಟಲೆ ಪ್ರತಿಭಟಿಸಿದರು. ಕಂಪನಿ ನಿರ್ಧಾರ ಹಿಂತೆಗೆದುಕೊಳ್ಳಲಿಲ್ಲ. ವಿಎಂನ ಬಹಳಷ್ಟು ಭಾಗದ ಮೂಲ ಮಾತ್ರ ಆಮೇಲೂ ಗ್ರಾಹಕರಿಗೆ ಸಿಗುತ್ತಲೇ ಬಂತು. ಇದನ್ನು ಸೋಲು ಎನ್ನಬೇಕೋ ರಾಜಿ ಎನ್ನಬೇಕೋ ಎಂದು ನಮ್ಮೊಳಗೇ ಒಮ್ಮತವಿಲ್ಲ.

2025ಕ್ಕೆ ಷೇರ್‌ಗೆ ಎಪ್ಪತ್ತು ತುಂಬಿತು. ಬೇಡಿಕೆಯನ್ನು ಲಿಖಿತವಾಗಿ ಮಂಡಿಸಿ, ಸದಸ್ಯರು ಮತ ಹಾಕಿ, ಅದಕ್ಕೆ ಕಂಪನಿಯಿಂದ ಲಿಖಿತ ಉತ್ತರ ಪಡೆಯುವ ಪದ್ಧತಿಯನ್ನು ಅದು ಬೆಳೆಸಿತು. ಹಗಲೆಲ್ಲ ವಾದ ಮಾಡಿದವರು ಸಂಜೆ ಒಟ್ಟಿಗೆ ಕುಳಿತು ಕುಡಿದು ಹರಟುವುದಕ್ಕೂ ಒಂದು ಸಮಿತಿಯಿತ್ತು. ನಮ್ಮ ಊಟದ ಸಮಿತಿಯವರು ಗಮನಿಸಬೇಕು. ಇನ್ನು ಆ ಲೆಕ್ಕದ ಕಥೆ: ಕಹಾನ್ ಅವರು ಮುಂದೆ ಎಲ್ಲ ತಯಾರಕರಿಗೂ ಹೊಂದುವ ಐಇಇಇ 754 ಎಂಬ ಮಾನಕವನ್ನು ರೂಪಿಸುವುದರಲ್ಲಿ ಪ್ರಮುಖರಾದರು. ಅದು 1985ರಲ್ಲಿ ಅಂಗೀಕಾರವಾಯಿತು. 1989ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಐಬಿಎಂ ಮೈನ್‌ಫ್ರೇಮ್‌ಗಳಿಗೆ ಆ ಮಾನಕದ ಎರಡರ ಆಧಾರ ಬಂದದ್ದು 1998ರಲ್ಲಿ. ಹದಿನಾರರ ಆಧಾರವನ್ನು ಆಗಲೂ ತೆಗೆದುಹಾಕಲಿಲ್ಲ, ಪಕ್ಕದಲ್ಲಿಯೇ ಉಳಿಸಿಕೊಂಡರು. ನಮ್ಮಂಥವರು ಬರೆದಿಟ್ಟ ಹಳೆಯ ಪ್ರೋಗ್ರಾಮುಗಳು ಓಡುತ್ತಲೇ ಇರಬೇಕಲ್ಲ!