ಸೋಸಿ ಉಳಿದವರ ಯಕೃತ್ತು: ಹೆಪಟೈಟಿಸ್ ಸಿ ತೀವ್ರತೆ ಮತ್ತು ‘ಸಿಸಿ’ ರೂಪದ ಪ್ರಶ್ನೆ

ಐರ್ಲೆಂಡಿನಲ್ಲಿ 1977–78ರಲ್ಲಿ ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಕೊಟ್ಟ ಆ್ಯಂಟಿ-ಡಿ ಚುಚ್ಚುಮದ್ದಿನ ಕೆಲವು ಬ್ಯಾಚುಗಳಲ್ಲಿ ಹೆಪಟೈಟಿಸ್ ಸಿ ವೈರಸ್ ಸೇರಿಹೋಗಿತ್ತು. ಎಲಿಜಬೆತ್ ಕೆನ್ನಿ-ವಾಲ್ಶ್ 1999ರಲ್ಲಿ ಪ್ರಕಟಿಸಿದ ವರದಿಯಂತೆ, ಸೋಂಕಿನ ಕುರುಹು ಸಿಕ್ಕ 704 ಮಂದಿಯಲ್ಲಿ 390 ಮಂದಿಯ ರಕ್ತದಲ್ಲಷ್ಟೇ ವೈರಸ್ ಉಳಿದಿತ್ತು. ಹಾಗೆ ಉಳಿದವರಲ್ಲೂ ಸುಮಾರು 17 ವರ್ಷಗಳ ಬಳಿಕ ಬಯಾಪ್ಸಿ ಮಾಡಿದಾಗ ಅರ್ಧದಷ್ಟು ಮಂದಿಗೆ ಫೈಬ್ರೋಸಿಸ್ (ಯಕೃತ್ತು ನಾರುಗಟ್ಟುವಿಕೆ) ಇತ್ತು. ಸಿರೋಸಿಸ್‌ವರೆಗೆ ಹೋದವರು ಶೇ 2 ಮಾತ್ರ. ವೈರಸ್ಸಿನ ಮೂಲ ಒಂದೇ, ಕಾಲ ಹೆಚ್ಚುಕಡಿಮೆ ಒಂದೇ, ಎಲ್ಲರೂ ಹೆಂಗಸರು. ಇಷ್ಟಾದರೂ ಫಲ ಬೇರೆಬೇರೆ.

ಈ ಭೇದದಲ್ಲಿ ಜೀನುಗಳ ಪಾಲೆಷ್ಟು? ಒಮ್ಮತವಿರುವ ಭಾಗವನ್ನು ಬೇಗ ದಾಟಬಹುದು. 19ನೆಯ ಕ್ರೋಮೋಸೋಮಿನ ಲ್ಯಾಮ್ಡಾ ಇಂಟರ್‌ಫೆರಾನ್ ಜೀನುಗಳ ಬಳಿ ಇರುವ ಒಂದು ಅಕ್ಷರಭೇದದಲ್ಲಿ ತಾಯಿ ತಂದೆ ಇಬ್ಬರಿಂದಲೂ ‘ಸಿ’ ಪಡೆದವರು (ಸಿಸಿ ರೂಪದವರು) ವೈರಸ್ಸನ್ನು ಹೆಚ್ಚಾಗಿ ತಾವಾಗಿಯೇ ಕಳೆದುಕೊಳ್ಳುತ್ತಾರೆ ಎಂಬುದು 2009ರಲ್ಲೇ ಗೊತ್ತಾಯಿತು. 2013ರಲ್ಲಿ ಪ್ರೊಕುನಿನಾ-ಓಲ್ಸನ್ ತಂಡ ಅಲ್ಲೇ ಪಕ್ಕದಲ್ಲಿ ಲ್ಯಾಮ್ಡಾ-4 ಜೀನನ್ನು ಕಂಡಿತು. ಸಿಸಿಯವರಲ್ಲಿ ಸಾಮಾನ್ಯವಾಗಿ ಆ ಪ್ರೋಟೀನು ತಯಾರಾಗುವುದೇ ಇಲ್ಲ. ವೈರಸ್ಸಿನೊಡನೆ ಹೋರಾಡಬೇಕಾದ ಇಂಟರ್‌ಫೆರಾನೊಂದು ಇಲ್ಲದಿರುವುದೇ ಲಾಭವೆಂದಾಯಿತು! ಸಿಸಿಗೆ ‘ಅನುಕೂಲ ರೂಪ’ ಎಂಬ ಹೆಸರು ಅಂಟಿತು. ಅವಸರದ ಹೆಸರು ಅದು.

ಏಕೆಂದರೆ ಮೊಹಮ್ಮದ್ ಎಸ್ಲಾಮ್, ಜೇಕಬ್ ಜಾರ್ಜ್ ಮೊದಲಾದವರು 2015ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ, ಸಿಸಿಯವರ ಯಕೃತ್ತಿನಲ್ಲೇ ಉರಿಯೂತವೂ ಫೈಬ್ರೋಸಿಸ್ಸೂ ಹೆಚ್ಚೆಂದು ತೋರಿಸಿದರು. 2017ರಲ್ಲಿ ಅದಕ್ಕೆ ಲ್ಯಾಮ್ಡಾ-4 ಅಲ್ಲ, ಅದರ ಪಕ್ಕದ ಜೀನಿನ ಇಂಟರ್‌ಫೆರಾನ್ ಲ್ಯಾಮ್ಡಾ-3 ಕಾರಣವಾಗಿರಬಹುದು ಎಂದರು.

ನನ್ನ ತಕರಾರು ಇಲ್ಲಿದೆ. ಹೆಪಟೈಟಿಸ್ ಸಿ ಮಟ್ಟಿಗೆ ಇಂಥ ಅಧ್ಯಯನಗಳಿಗೆ ಸಿಗುವವರು ಸೋಂಕು ಉಳಿದವರು ಮಾತ್ರ. ಸಿಸಿಯವರಲ್ಲಿ ಬಹಳಷ್ಟು ಮಂದಿ ಮೊದಲೇ ಜರಡಿಯಿಂದ ಇಳಿದುಹೋಗಿರುತ್ತಾರೆ. ಅನುಕೂಲ ರೂಪವಿದ್ದೂ ವೈರಸ್ ಹೋಗಲಿಲ್ಲವೆಂದರೆ ಅವರಲ್ಲಿ ಬೇರೇನೋ ಪ್ರತಿಕೂಲ ಇರುವ ಸಂಭವ ಹೆಚ್ಚು. ಗಂಡಸರನ್ನೇ ನೋಡಿ: ವೈರಸ್ಸನ್ನು ಕಳೆದುಕೊಳ್ಳುವುದರಲ್ಲಿ ಅವರು ಹೆಂಗಸರಿಗಿಂತ ಹಿಂದೆ, ಫೈಬ್ರೋಸಿಸ್ಸಿನಲ್ಲಿ ಮುಂದೆ. ಲಿಂಗಭೇದವನ್ನು ಲೆಕ್ಕದಲ್ಲಿ ಸರಿಪಡಿಸಬಹುದು, ಅಳೆಯದೆ ಬಿಟ್ಟ ಅಂಶಗಳನ್ನು ಹೇಗೆ ಸರಿಪಡಿಸುವುದು? ಸಿಸಿಯ ಮೇಲೆ ಹೊರಿಸಿದ ಹಾನಿಯಲ್ಲಿ ಒಂದು ಪಾಲಾದರೂ, ಹೆಪಟೈಟಿಸ್ ಸಿಯಲ್ಲಿ ಮಾತ್ರ, ಹೀಗೆ ಸೋಸಿದ್ದರ ಫಲವಿರಬಹುದು. ಪೂರ್ತಿ ಅದೇ ಎಂದು ನಾನು ಹೇಳುತ್ತಿಲ್ಲ.

ಹೇಳುವಂತೆಯೂ ಇಲ್ಲ. ಎಸ್ಲಾಮ್ ತಂಡ ಕೊಬ್ಬಿನ ಯಕೃತ್ತಿನ ರೋಗಿಗಳಲ್ಲೂ ಇದೇ ಒಲವನ್ನು ಕಂಡಿದೆ. ವೈರಸ್ಸೇ ಇಲ್ಲದಲ್ಲಿ ಜರಡಿಯೂ ಇಲ್ಲ. ಇನ್ನೂ ಬಿಗಿಯಾದ ಸಾಕ್ಷ್ಯ ಅವರ 2017ರ ಲೇಖನದಲ್ಲೇ ಇದೆ. ಲ್ಯಾಮ್ಡಾ-4ರ 70ನೆಯ ಸ್ಥಾನದಲ್ಲಿ ಪ್ರೋಲೀನ್ ಬದಲು ಸೆರೀನ್ ಬಂದರೆ ಆ ಪ್ರೋಟೀನು ದುರ್ಬಲವಾಗುತ್ತದೆ, ವೈರಸ್ಸಿನಿಂದ ಪಾರಾಗುವವರು ಹೆಚ್ಚುತ್ತಾರೆ. ಅಂದರೆ ಅದೂ ಒಂದು ಜರಡಿ. ನನ್ನ ವಾದ ನಿಜವಾದರೆ ಸೆರೀನ್ ಇದ್ದೂ ಸೋಂಕು ಉಳಿದವರಲ್ಲಿ ಫೈಬ್ರೋಸಿಸ್ ಹೆಚ್ಚಿರಬೇಕಿತ್ತು. ಅಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಲ್ಯಾಮ್ಡಾ-4ನ್ನು ದೋಷಮುಕ್ತಗೊಳಿಸಲು ಅವರು ಬಳಸಿದ ಈ ಫಲಿತಾಂಶ ನನ್ನ ಆಕ್ಷೇಪಕ್ಕೂ ಪೆಟ್ಟು ಕೊಡುತ್ತದೆ. ಸೆರೀನಿನ ಜರಡಿಯ ಕಣ್ಣು ಅಷ್ಟು ದೊಡ್ಡದಲ್ಲ, ಸಣ್ಣ ವ್ಯತ್ಯಾಸ ತಪ್ಪಿಹೋಗಿರಬಹುದು ಎಂಬ ಸಮಜಾಯಿಷಿ ಇದೆ, ಆದರೆ ಅದನ್ನು ಹೆಚ್ಚು ದೂರ ಎಳೆಯಲಾರೆ. ಇನ್ನು ಲ್ಯಾಮ್ಡಾ-4 ಅಲ್ಲವೆಂದು ಒಪ್ಪಿದ ಮಾತ್ರಕ್ಕೆ ಲ್ಯಾಮ್ಡಾ-3 ಎಂದು ಸಾಧಿಸಿದಂತಾಗುವುದಿಲ್ಲ. ಸಿಸಿಯವರ ಯಕೃತ್ತಿನಲ್ಲಿ ಅದು ಹೆಚ್ಚಿದೆ ಎಂಬುದು ಜೊತೆಗಿರುವ ಸಂಗತಿ, ಕಾರಣವೇ ಆಗಬೇಕೆಂದಿಲ್ಲ.

ಈ ಎರಡು ಜೀನುಗಳ ಭೇದಗಳು ಯುರೋಪ್ ಮೂಲದವರಲ್ಲಿ ಬಹುತೇಕ ಒಟ್ಟಿಗೇ ಸಾಗಿಬರುತ್ತವೆ, ಆಫ್ರಿಕಾ ಮೂಲದವರಲ್ಲಿ ಆ ನಂಟು ಸಡಿಲ. ಬಿಡಿಸಿ ನೋಡಲು ಅವರ ಮಾಹಿತಿಯೇ ತಕ್ಕದ್ದು. ಆದರೆ ನೇರವಾಗಿ ವೈರಸ್ಸಿಗೆ ತಾಗುವ ಗುಳಿಗೆಗಳು ಬಂದ ಮೇಲೆ ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ಗಮನಿಸುವ ಅಧ್ಯಯನ ಸಲ್ಲದು. ಉತ್ತರ ಸಿಗುವುದಿದ್ದರೆ ಕಾಪಿಟ್ಟ ಹಳೆಯ ಬಯಾಪ್ಸಿಗಳಲ್ಲಿ, ಅದರಲ್ಲೂ ಸೋಂಕು ತಗಲಿದ ದಿನ ಗೊತ್ತಿರುವವರ ಬಯಾಪ್ಸಿಗಳಲ್ಲಿ.