ಅಟ್ಟದ ಮೇಲಿನ ಹದಿನಾಲ್ಕು ಮಡಕೆ

ಶಿರಾ ಸೀಮೆಯ ನಮ್ಮ ಅಜ್ಜಿಯ ಮನೆಯಲ್ಲಿ ಅಡುಗೆಕೋಣೆಯ ಮೇಲೊಂದು ಅಟ್ಟವಿತ್ತು. ಒಲೆಯ ಹೊಗೆ ಮೇಲೆದ್ದು, ಅಲ್ಲೊಂದು ಸುತ್ತು ಹಾಕಿ, ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಆ ಹೊಗೆಯ ದಾರಿಯಲ್ಲಿ ಹದಿನಾಲ್ಕು ಮಡಕೆ, ಕಪ್ಪಗೆ, ಸಾಲಾಗಿ. ತಾತ ಆ ಅಟ್ಟ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹೊಲ ತಾತನ ಹೆಸರಿನಲ್ಲಿತ್ತು, ಎತ್ತುಗಳು ತಾತನ ಮಾತು ಕೇಳುತ್ತಿದ್ದವು, ಸಾಲಸೋಲ ಅವರದೇ. ಆದರೆ ಬಿತ್ತನೆಯ ಹಿಂದಿನ ಸಂಜೆ ಏಣಿಯ ಬುಡದಲ್ಲಿ ನಿಂತು ಕೇಳುತ್ತಿದ್ದರು: "ಈ ಸಲ ಏನ್ ಇಳಿಸ್ತೀಯೇ?"

ಅಜ್ಜಿ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ಅಂಗಳಕ್ಕೆ ಹೋಗಿ ಮೂಡಲ ದಿಕ್ಕು ನೋಡಿ ಬರುತ್ತಿದ್ದಳು. ಆಮೇಲೆ ಹತ್ತಿ, ಒಂದೊಂದೇ ಮಡಕೆಯ ಬಾಯಿಗೆ ಮೆತ್ತಿದ ಸಗಣಿ ಒಡೆದು, ಕೈ ಹಾಕಿ, ಬೀಜ ಎತ್ತಿ ಮೂಸುತ್ತಿದ್ದಳು.

ಆ ಮಡಕೆಗಳ ಸಾಲು ಒಂದು ಪಂಚಾಂಗ ಎಂಬುದು ನನಗೆ ಹೊಳೆದದ್ದು ತುಂಬಾ ತಡವಾಗಿ. ಗೋಡೆಯ ಕಡೆಯಿಂದ ಮೊದಲು ತೊಗರಿ, ಜೋಳ, ಸಾಮೆ: ಮುಂಗಾರು ಹೊತ್ತಿಗೆ ಸರಿಯಾಗಿ ಹಿಡಿದರೆ ಇವು. ನಂತರ ದೊಡ್ಡ ರಾಗಿ, ಅದರ ಜೊತೆ ಅಕ್ಕಡಿಗೆ ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು. ಆರಿದ್ರೆ ಮಳೆ ಕೈಕೊಟ್ಟರೆ ಬೇಗ ಕೊಯ್ಲಿಗೆ ಬರುವ ಗಿಡ್ಡ ರಾಗಿಯ ಮಡಕೆ, ನವಣೆ. ಅದೂ ಆಗದೆ ಮಘೆ, ಹುಬ್ಬೆಯವರೆಗೂ ಮೋಡ ಬರೀ ಓಡಾಡಿಕೊಂಡೇ ಇದ್ದರೆ ಕೊನೆಯ ಮಡಕೆ: ಹುರುಳಿ. ಯಾವ ನಕ್ಷತ್ರ ಮೋಸ ಮಾಡಿದರೂ ಅದಕ್ಕೊಂದು ಉತ್ತರ ಆ ಅಟ್ಟದ ಮೇಲಿತ್ತು. ಈಗಿನವರು ಪರ್ಯಾಯ ಬೆಳೆ ಯೋಜನೆ ಎನ್ನುತ್ತಾರೆ. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಬೀಜ ಆರಿಸುವ ಕೆಲಸ ಕೊಯ್ಲಿಗೆ ಮೊದಲೇ ಶುರುವಾಗುತ್ತಿತ್ತು. ಗಂಡಸರು ಕುಡುಗೋಲು ಹಿಡಿದು ಇಳಿಯುವ ಮುಂಚೆ ಹೆಂಗಸರು ಹೊಲ ಸುತ್ತಿ, ಮೈತುಂಬಿದ, ರೋಗ ಕಾಣದ ತೆನೆಗಳನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮಡಕೆಗೆ ತುಂಬುವಾಗ ಜೊತೆಗೆ ಒಲೆಯ ಬೂದಿ, ಬೇವಿನ ಸೊಪ್ಪು, ಹೊಂಗೆ ಸೊಪ್ಪು. ತೊಗರಿ, ಅವರೆಗಾದರೆ ಕೆಮ್ಮಣ್ಣು ಕಲಸಿ ಬಳಿದು ಬಿಸಿಲಿಗೆ. ಬಿತ್ತುವಾಗ ಕೂರಿಗೆ ಹಿಡಿಯುವವರು ತಾತ, ಹಿಂದೆ ಸಡ್ಡೆಗೆ ಅಕ್ಕಡಿ ಕಾಳು ಬಿಡುವವಳು ಅಜ್ಜಿ. ಒಂದೇ ಹೊಲದಲ್ಲಿ ಇಬ್ಬರ ಕೈ. ಪಕ್ಕದ ಮನೆಯವಳಿಗೆ ಬೀಜ ತಪ್ಪಿಹೋದರೆ ಸೇರು ಕೊಟ್ಟು, ಸುಗ್ಗಿಯಲ್ಲಿ ಒಂದೂವರೆ ಸೇರು ವಾಪಸು. ದುಡ್ಡಿನ ಮಾತಿಲ್ಲ, ಗಂಡಸರ ಮಧ್ಯಸ್ಥಿಕೆಯೂ ಇಲ್ಲ.

ನಮ್ಮ ಮನೆಯಲ್ಲಿ ಧಾತು ಈಶ್ವರ ಬರದ ನೆನಪು ಅಜ್ಜಿಯ ಅಜ್ಜಿಯಿಂದ ಬಂದದ್ದು. 1876ರಿಂದ 78ರವರೆಗಿನ ಆ ಬರ ಮೈಸೂರು ಸೀಮೆಯನ್ನು ಹಿಂಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಆ ಮುದುಕಿ ಬಿತ್ತನೆ ಮಡಕೆಯನ್ನು ಹಟ್ಟಿಯ ನೆಲದಲ್ಲಿ ಹೂತು, ಮೇಲೆ ಚಾಪೆ ಹಾಸಿ ಮಲಗುತ್ತಿದ್ದಳಂತೆ. ಮಕ್ಕಳು ಹಸಿದು ಅಳುವಾಗ ಅದರ ಮೇಲೆಯೇ ಮಲಗಿರುವುದೆಂದರೆ ಏನು ಎಂದು ಯೋಚಿಸಿದಾಗೆಲ್ಲ ನನ್ನ ಹೊಟ್ಟೆ ಈಗಲೂ ಕಿವುಚುತ್ತದೆ. ಅಧಿಕಾರದ ಜೊತೆ ಆ ಹೊರೆಯೂ ಹೆಣ್ಣಿನ ಮೇಲೆಯೇ ಇತ್ತು. ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವವಳು ನಾನಲ್ಲ.

ಅಟ್ಟ ಬರಿದಾದದ್ದು ಒಂದೇ ದಿನದಲ್ಲಿ ಅಲ್ಲ. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳ ಬಂತು. ಮಂಡ್ಯದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. 1973ರಲ್ಲಿ ರಾಜ್ಯ ಬೀಜ ನಿಗಮ ಸ್ಥಾಪನೆಯಾಯಿತು. ಇಂಡಾಫ್ ರಾಗಿ ಎಷ್ಟೋ ಮನೆಗಳಲ್ಲಿ ಹೊಟ್ಟೆ ತುಂಬಿಸಿತು, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ರಾಗಿ ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆಯಾದ್ದರಿಂದ ಅದರ ಬೀಜವನ್ನು ಅಜ್ಜಿ ಎತ್ತಿಡಬಹುದಿತ್ತು, ಇಟ್ಟಳು ಕೂಡ. ಹೈಬ್ರಿಡ್ ಜೋಳ ಹಾಗಲ್ಲ. ಎತ್ತಿಟ್ಟು ಬಿತ್ತಿದರೆ ಮರುವರ್ಷ ಒಂದು ಗಿಡ ಇದ್ದಂತೆ ಇನ್ನೊಂದಿಲ್ಲ. ವರ್ಷವರ್ಷ ಅಂಗಡಿಗೇ ಹೋಗಬೇಕು. ಅಂಗಡಿಗೆ ಹೋಗುವವನು ಗಂಡಸು.

ನಮ್ಮ ಸೀಮೆಯಲ್ಲಿ ನಿಜವಾಗಿ ಅಟ್ಟ ಖಾಲಿ ಮಾಡಿದ್ದು ಕಡಲೆಕಾಯಿ. ಶಿರಾ, ಪಾವಗಡ, ಚಳ್ಳಕೆರೆ, ಆಚೆ ಅನಂತಪುರದವರೆಗೆ ಕೆಂಪು ನೆಲವೆಲ್ಲ ಅದೇ ಆಯಿತು. ಸಾಮೆ ಎಕರೆಗೆ ಮೂರ್ನಾಲ್ಕು ಕಿಲೋ ಬೀಜ ಸಾಕು, ಒಂದು ಮಡಕೆಯಲ್ಲಿ ಹಿಡಿಯುತ್ತದೆ. ಕಡಲೆಕಾಯಿಗೆ ಎಕರೆಗೆ ನಲವತ್ತು ಐವತ್ತು ಕಿಲೋ ಬೀಜ. ಹಣ ಮಂಡಿಯಿಂದ, ಸಾಲಪತ್ರಕ್ಕೆ ಸಹಿ ಗಂಡಸಿನದು, ಏನು ಬಿತ್ತಬೇಕೆಂಬ ಮಾತೂ ಅಲ್ಲಿಯೇ ಮುಗಿದುಹೋಗುತ್ತಿತ್ತು. ಹೆಂಗಸರ ಕೆಲಸವೇನೂ ಕಡಿಮೆಯಾಗಲಿಲ್ಲ. ಬಿತ್ತನೆಗೆ ಮುಂಚೆ ಜಗುಲಿಯ ಮೇಲೆ ಸಾಲಾಗಿ ಕೂತು ಕಾಯಿ ಒಡೆಯಬೇಕು. ಕಾಳಿನ ಪೊರೆ ಹರಿಯಬಾರದು, ಹರಿದರೆ ಸರಿಯಾಗಿ ಮೊಳೆಯುವುದಿಲ್ಲ. ಚಿಕ್ಕಮ್ಮನ ಹೆಬ್ಬೆರಳ ಉಗುರು ನಡುವೆ ಸೀಳಿ, ಆ ಸೀಳಿನಲ್ಲಿ ಕೆಂಪು ಮಣ್ಣು ಕೂತಿರುತ್ತಿತ್ತು. ಅದೇ ಬೆರಳಿನಲ್ಲಿ ಅನ್ನ ಕಲಸಿ ನನಗೆ ತುತ್ತು ಕೊಡುತ್ತಿದ್ದಳು. ಬೀಜ ಅವಳ ಕೈಯಲ್ಲೇ ಇತ್ತು. ಯಾವ ಬೀಜ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಇದು ಮಳೆ ಹೊತ್ತಿಗೆ ಬರುವಷ್ಟು ಕಾಲ ಹೇಗೋ ನಡೆಯಿತು. ಈಗ ಮಳೆಯ ಗುಣವೇ ಬದಲಾಗಿದೆ. ಬಂದರೆ ಒಂದೇ ರಾತ್ರಿ ಬದು ಒಡೆಯುವಂತೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ವರ್ಷ ಚಿಕ್ಕಮ್ಮನ ಹೊಲದಲ್ಲಿ ಕಡಲೆಕಾಯಿ ಹೂವಿಗೆ ಬರುವ ಹೊತ್ತಿಗೆ ಸುಟ್ಟುಹೋಯಿತು. ಮರುಬಿತ್ತನೆಗೆ ಅಟ್ಟದಲ್ಲಿ ಏನೂ ಇರಲಿಲ್ಲ. ಪರಿಹಾರ ಪಹಣಿಯಲ್ಲಿ ಹೆಸರಿದ್ದು ರೈತ ನೋಂದಣಿಯ ಫ್ರೂಟ್ಸ್ ಐಡಿ ಮಾಡಿಸಿದವರ ಖಾತೆಗೆ. ಚಿಕ್ಕಪ್ಪ ತೀರಿ ಹತ್ತು ವರ್ಷವಾಗಿದ್ದರೂ ಪಹಣಿ ಇನ್ನೂ ಅವರ ತಂದೆಯ ಹೆಸರಿನಲ್ಲೇ ಇತ್ತು. ಒಂದು ಕಚೇರಿಯಲ್ಲಿ ಅವಳಿಗೆ ಸಿಕ್ಕಿದ ಮಾತು, "ಗಂಡಸರನ್ನ ಕಳಿಸಿ." ನಲವತ್ತು ವರ್ಷ ಆ ಹೊಲದಲ್ಲಿ ಕಳೆ ತೆಗೆದವಳು ಮೆಟ್ಟಿಲ ಮೇಲೆ ಕೂತು ಬಿಸಿಲು ಇಳಿಯುವವರೆಗೆ ಕಾದು ಬಂದಳು. ಆ ದಿನ ಅವಳ ಜೊತೆ ನಾನಿರಲಿಲ್ಲ, ಅದು ನನ್ನನ್ನು ಈಗಲೂ ಕೊರೆಯುತ್ತದೆ. ಅವಳೊಬ್ಬಳ ಪಾಡಲ್ಲ ಇದು. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಣ್ಣುಮಕ್ಕಳ ಕೈಯಲ್ಲಿದ್ದದ್ದು ಶೇಕಡಾ 14ರಷ್ಟು. ಹಾಗೆ ನೋಡಿದರೆ ನಮ್ಮ ರಾಜ್ಯ 1994ರಲ್ಲೇ, ದೇಶಕ್ಕಿಂತ ಹನ್ನೊಂದು ವರ್ಷ ಮೊದಲು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕಾನೂನು ಮಾಡಿತ್ತು.

ಅಧಿಕಾರದ ಇನ್ನೊಂದು ಬಾಗಿಲೂ ನಮ್ಮಲ್ಲೇ ಮೊದಲು ತೆರೆಯಿತು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕಾಲು ಭಾಗ ಹೆಂಗಸರಿಗೆ ಮೀಸಲಾಗಿತ್ತು, ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ. ನಮ್ಮೂರಿನಿಂದ ಗೆದ್ದವರು ಮೊದಮೊದಲು ಸಭೆಗೆ ಹೋಗದೆ ಗಂಡನನ್ನೇ ಕಳಿಸುತ್ತಿದ್ದರು. ಮೂರನೇ ವರ್ಷ ತಾವೇ ಹೋಗಿ, ಕೆರೆ ತೂಬಿನ ಹೂಳು ತೆಗೆಸಬೇಕು ಎಂದು ಹಟ ಹಿಡಿದು ಕೂತರು. ನೀರು ಹೊರುವವಳಿಗೆ ತೂಬು ಎಲ್ಲಿ ಕಟ್ಟಿದೆ ಎಂದು ಗೊತ್ತಿರುತ್ತದೆ.

ಅಜ್ಜಿಯ ಅಟ್ಟ ಮತ್ತೆ ತುಂಬಿದ್ದನ್ನು ನಾನು ಕಂಡದ್ದು ಧಾರವಾಡ ಜಿಲ್ಲೆಯ ಸುದ್ದಿಯಲ್ಲಿ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ 2018ರಲ್ಲಿ ಹದಿನೈದು ಹೆಣ್ಣುಮಕ್ಕಳು ಕಟ್ಟಿಕೊಂಡದ್ದು. ಸಾಮೆ, ನವಣೆಯಂಥ ಸಿರಿಧಾನ್ಯಗಳ ಬೀಜ ಬ್ಯಾಂಕು ನಡೆಸುತ್ತಾರೆ, ಸೌರಶಕ್ತಿಯ ಯಂತ್ರದಲ್ಲಿ ಧಾನ್ಯ ಹದ ಮಾಡುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಬೀದರಿನ ಗಡಿಯಾಚೆ, ಜಹೀರಾಬಾದಿನ ಸುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಇದನ್ನೇ ದಶಕಗಳಿಂದ ಮಾಡುತ್ತಾ, 2008ರಲ್ಲಿ ತಮ್ಮದೇ ರೇಡಿಯೋ ಹಾಕಿದರು, 2019ರಲ್ಲಿ ಇದೇ ಪ್ರಶಸ್ತಿ ಪಡೆದರು. ಪ್ರಶಸ್ತಿಗಿಂತ ನನಗೆ ಮುಖ್ಯವೆನಿಸುವುದು ಒಂದೇ: ಅಲ್ಲಿ ಏನು ಬಿತ್ತೋಣ ಎಂದು ಕೇಳಿಕೊಂಡು ಬರುವವರು ಹೆಂಗಸರ ಬಾಗಿಲಿಗೇ ಬರಬೇಕು.

ಕಳೆದ ವರ್ಷ ಒಂದು ಬೀಜ ಮೇಳದಿಂದ ಒಂದು ಪಾವು ಸಾಮೆ ತಂದು ಚಿಕ್ಕಮ್ಮನಿಗೆ ಕೊಟ್ಟೆ. ಮಗನಿಗೆ ಹೇಳದೆ ಕಡಲೆಕಾಯಿ ಹೊಲದ ಬದುವಿನ ಪಕ್ಕ ಎರಡು ಸಾಲು ಬಿತ್ತಿದ್ದಳು. ಹಸ್ತ ಮಳೆಯ ಹೊತ್ತಿಗೆ ನಾನು ಹೋದಾಗ ತೆನೆ ಬಾಗಿತ್ತು. ಮುರಿದು ಮಡಿಲಿಗೆ ಹಾಕಿಕೊಂಡು ಮನೆಗೆ ಬಂದವಳು ಅಡುಗೆಕೋಣೆಯ ಮುಂದೆ ನಿಂತಳು. ಈಗ ಗ್ಯಾಸ್ ಒಲೆ, ಮೇಲೆ ಆರ್‌ಸಿಸಿ. ಹೊಗೆ ಎಲ್ಲಿ?

ಸ್ವಲ್ಪ ಹೊತ್ತು ಯೋಚಿಸಿ ಬಚ್ಚಲ ಮನೆಗೆ ಹೋದಳು. ಹಂಡೆ ಒಲೆಗೆ ಇವತ್ತೂ ಸೌದೆಯೇ. ಅದರ ಮೇಲಿನ ಮೊಳೆಗೆ ತೆನೆಯ ಗೊಂಚಲು ಕಟ್ಟಿ, ಕೆಳಗೆ ಎರಡು ತೆಂಗಿನ ಮಟ್ಟೆ ತುರುಕಿ ಊದಿದಳು. "ಕಣ್ಣುರಿ ಆಯ್ತದೆ, ಆಚೆ ನಿಂತ್ಕೋ ಮಗಾ" ಎಂದಳು.