ಕೀಳುವ ಮೊದಲು

ಮಸ್ಕಿಯ ಸಂತೆಯಲ್ಲಿ ಒಂದು ಕಾಲಕ್ಕೆ ಹಲ್ಲು ಕೀಳುವವನೊಬ್ಬ ಕೂರುತ್ತಿದ್ದ. ನೆಲಕ್ಕೆ ಹಾಸಿದ ಕೆಂಪು ಬಟ್ಟೆಯ ಮೇಲೆ ಒಂದು ಇಕ್ಕಳ, ಎರಡು ಸೀಸೆ, ಗುಡ್ಡೆ ಹಾಕಿದ ಹಲ್ಲುಗಳು. ಆ ಗುಡ್ಡೆಯೇ ಅವನ ಬೋರ್ಡು. ನನಗಾಗ ಹತ್ತು ವರ್ಷವಿರಬೇಕು. ಮೂರು ರಾತ್ರಿ ನಿದ್ದೆಗೆಟ್ಟಿದ್ದ ಅಮ್ಮೀಯನ್ನು ಅಬ್ಬಾ ಅವನ ಮುಂದೆ ಕೂರಿಸಿದರು. ‘ಯಾವ್ದು ತೋರ್ಸವ್ವಾ’ ಎಂದ. ಅಮ್ಮೀ ಬೆರಳಿಟ್ಟು ತೋರಿಸಿದರು. ಕಿತ್ತ. ಸಿಂಧನೂರಿನ ಬಸ್ಸು ಹತ್ತಿ ಮನೆ ಸೇರಿದರೂ ನೋವು ಹಾಗೆಯೇ ಇತ್ತು. ನೋಯುತ್ತಿದ್ದುದು ಪಕ್ಕದ ಹಲ್ಲು! ಮುಂದಿನ ವಾರ ಅದನ್ನೂ ಕೀಳಿಸಿದ್ದಾಯಿತು.

ಎಷ್ಟೋ ವರ್ಷಗಳ ನಂತರ ಉರ್ದುವಿನಲ್ಲಿ ಅರಬ್ ವೈದ್ಯರ ಚರಿತ್ರೆ ಓದುವಾಗ ಅಮ್ಮೀಯ ಆ ಹಲ್ಲು ಮತ್ತೆ ಎದುರಾಯಿತು. ಸ್ಪೇನಿನ ಕುರ್ತುಬಾ ಬಳಿಯ ಅಬುಲ್ ಕಾಸಿಂ ಅಲ್ ಝಹ್ರಾವಿ (936–1013) ಮೂವತ್ತು ಭಾಗಗಳ ತಮ್ಮ ‘ಅತ್ತಸ್ರೀಫ್’ ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಇದನ್ನೇ ಎಚ್ಚರಿಸಿದ್ದಾರೆ. ನೋವು ರೋಗಿಯನ್ನು ಮೋಸಗೊಳಿಸುತ್ತದೆ, ಅವನು ಗಟ್ಟಿ ಹಲ್ಲನ್ನೇ ತೋರಿಸುತ್ತಾನೆ, ಕ್ಷೌರಿಕ ಅದನ್ನೇ ಕೀಳುತ್ತಾನೆ, ನೋವು ಮಾತ್ರ ಉಳಿಯುತ್ತದೆ. ಹಲ್ಲಿಗೆ ಬದಲಿ ಇಲ್ಲವಾದ್ದರಿಂದ ಎಲ್ಲ ಉಪಾಯ ಮುಗಿದ ಮೇಲಷ್ಟೇ ಇಕ್ಕಳಕ್ಕೆ ಕೈ ಹಾಕಬೇಕೆಂಬುದು ಅವರ ಅಭಿಪ್ರಾಯ. ಹಲ್ಲಿನ ಕಿಟ್ಟ ಕೆರೆಯುವ ಉಪಕರಣಗಳ ಚಿತ್ರಗಳನ್ನೂ ಅವರು ಬರೆದಿಟ್ಟರು. ಅಲುಗಾಡುವ ಹಲ್ಲನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ಚಿನ್ನದ ತಂತಿಯಿಂದ ಹೆಣೆದು ನಿಲ್ಲಿಸುವುದನ್ನು ಕಲಿಸಿದರು.

ಚಿನ್ನವೇ ಏಕೆ? ಬೆಳ್ಳಿ ಬಾಯಿಯಲ್ಲಿ ಕಪ್ಪಾಗುತ್ತದೆ, ಚಿನ್ನ ಕೆಡುವುದಿಲ್ಲ. ಆದರೆ ಮುಸ್ಲಿಂ ಗಂಡಸಿಗೆ ಚಿನ್ನ ತೊಡುವುದು ನಿಷಿದ್ಧವಷ್ಟೆ. ನಮ್ಮ ಫಿಕ್ಹ್ ಪಂಡಿತರು ಈ ತಂತಿಯ ಬಗ್ಗೆಯೂ ವಾದಿಸಿದ್ದಾರೆ. ಇಮಾಂ ಅಬೂ ಹನೀಫಾ ಬೆಳ್ಳಿ ಸಾಕು ಎಂದರು. ಅವರ ಶಿಷ್ಯ ಇಮಾಂ ಮುಹಮ್ಮದ್ ಚಿನ್ನವೂ ಆದೀತು ಎಂದರು. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬವರು ಬೆಳ್ಳಿಯ ಮೂಗು ಮಾಡಿಸಿಕೊಂಡು, ಅದು ದುರ್ಗಂಧ ಬಂದಾಗ, ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿಯವರು (ಸ) ಹೇಳಿದ ಹದೀಸ್ ಅಬೂದಾವೂದ್ ಮತ್ತು ತಿರ್ಮಿಝಿಯಲ್ಲಿದೆ. ಶರೀರದ ಅಂಗವೊಂದನ್ನು ಉಳಿಸುವ ಪ್ರಶ್ನೆ ಬಂದಾಗ ಆಭರಣದ ನಿಯಮ ಪಕ್ಕಕ್ಕೆ ಸರಿಯಿತು. ಚಿನ್ನದ ಹಲ್ಲಿನವರನ್ನು ಕಂಡು ಮೂಗು ಮುರಿಯುವವರು ಇದನ್ನು ಓದಬೇಕು.

ಚಿನ್ನ ನಮ್ಮ ಸೀಮೆಗೆ ದೂರದ ವಸ್ತುವೇನಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಯ ಆಳಕ್ಕಿಳಿದು ಚಿನ್ನ ತೆಗೆಯುತ್ತಿದ್ದರು ಎಂಬುದಕ್ಕೆ ಹಳೆಯ ಗಣಿಯಲ್ಲಿ ಸಿಕ್ಕ ಮರದ ತುಂಡುಗಳೇ ಸಾಕ್ಷಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಹಟ್ಟಿಯದೇ. ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದೂ ಚಿನ್ನದ ದೆಸೆಯಿಂದಲೇ. 1915ರಲ್ಲಿ ಅದನ್ನು ಕಂಡ ಬೀಡನ್ ನಿಜಾಮ ಸರಕಾರದ ಗಣಿ ಇಂಜಿನಿಯರ್.

ಮಸ್ಕಿ ಎಂದರೆ ಶಾಸನ ಎಂದಷ್ಟೇ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದಾಗ ಶಾಸನಕ್ಕಿಂತ ಎಷ್ಟೋ ಹಿಂದಿನ ಕಲ್ಲಿನ ಅಲಗುಗಳೂ ತೂತು ಕೊರೆದ ಮಣಿಗಳೂ ಸಿಕ್ಕವು. ಈ ಮಣಿಗಳಿಗೂ ಹಲ್ಲಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಮೆಹರ್‌ಗಢ ಎಂಬ ಅತಿ ಪ್ರಾಚೀನ ಊರಿದೆ. ಅಲ್ಲಿನ ಗೋರಿಗಳಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳನ್ನು ಬದುಕಿದ್ದಾಗಲೇ ಕೊರೆದಿರುವುದು ಕಂಡುಬಂತೆಂದು 2006ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಅವು 7,500ರಿಂದ 9,000 ವರ್ಷ ಹಳೆಯವು. ತೂತಿನ ಅಂಚು ಸವೆದಿದ್ದುದರಿಂದ ಕೊರೆಸಿಕೊಂಡವರು ಆಮೇಲೂ ಅದೇ ಹಲ್ಲಿನಿಂದ ಅಗಿದಿದ್ದಾರೆಂದು ತಿಳಿಯಿತು. ಮಣಿಗೆ ತೂತು ಕೊರೆಯುವ ಬಿಲ್ಲಿನಂಥ ಸಾಧನ, ಅದರ ತುದಿಗೆ ಚಕಮಕಿ ಕಲ್ಲು, ಇಷ್ಟೇ ಅವರ ಯಂತ್ರ. ಹಲ್ಲಿನ ಮೊದಲ ವೈದ್ಯ ಬಹುಶಃ ಒಬ್ಬ ಮಣಿಗಾರ ಎಂದರೆ ತಪ್ಪಾಗಲಾರದು. ಮಸ್ಕಿಯ ಮಣಿಗಾರರೂ ಹಲ್ಲು ಕೊರೆದಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕೈಚಳಕ ಈ ನೆಲಕ್ಕೆ ಹೊಸದಾಗಿರಲಿಲ್ಲ.

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಹಲ್ಲಿನ ಮೇಲಿನ ಎನಾಮಲ್ ಪದರಕ್ಕೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಸತ್ತಿರುತ್ತವೆ. ಆದ್ದರಿಂದ ಕುಳಿ ಬಿದ್ದರೆ ಹೊರಗಿನಿಂದಲೇ ತುಂಬಬೇಕು. 1855ರಲ್ಲಿ ಅಮೆರಿಕದ ರಾಬರ್ಟ್ ಆರ್ಥರ್ ಚಿನ್ನದ ತೆಳು ಹಾಳೆಯನ್ನು ಬಿಸಿ ಮಾಡಿ ಕುಳಿಯೊಳಗೆ ಬಡಿದು ಒಂದಾಗಿಸುವ ಕ್ರಮ ತಿಳಿಸಿದ. 1907ರಲ್ಲಿ ಟ್ಯಾಗರ್ಟ್ ಹಲ್ಲಿಗೆ ಚಿನ್ನ ಎರಕ ಹೊಯ್ದದ್ದು ನಮ್ಮ ಕಂಚುಗಾರರು ವಿಗ್ರಹಕ್ಕೆ ಬಳಸುವ ಮೇಣದ ಅಚ್ಚಿನ ವಿಧಾನದಿಂದ. ಬಡವರಿಗೆ ದಕ್ಕಿದ್ದು ಪಾದರಸ ಮತ್ತು ಬೆಳ್ಳಿಯ ಮಿಶ್ರಣ. ಅದನ್ನು ಬಳಸುವುದಿಲ್ಲವೆಂದು ಪ್ರಮಾಣ ಮಾಡುವಂತೆ ಅಮೆರಿಕದ ದಂತವೈದ್ಯರ ಸಂಘ ತನ್ನ ಸದಸ್ಯರನ್ನು ಒತ್ತಾಯಿಸಿತು. ಆ ಜಗಳದಲ್ಲಿ ಸಂಘವೇ 1856ರಲ್ಲಿ ಮುರಿಯಿತು, ಮಿಶ್ರಣ ಉಳಿಯಿತು! ಪಾದರಸದ ವಿಷದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದನ್ನು ಬಹುತೇಕ ನಿಲ್ಲಿಸಿದ್ದು 2025ರಲ್ಲಿ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಕಾಲೇಜು ಕಟ್ಟಿದವರು ಡಾ. ರಫಿಯುದ್ದೀನ್ ಅಹ್ಮದ್. 1890ರಲ್ಲಿ ಪೂರ್ವ ಬಂಗಾಳದಲ್ಲಿ ಹುಟ್ಟಿದ ಅವರು ಅಮೆರಿಕದ ಅಯೋವಾದಲ್ಲಿ 1915ರಲ್ಲಿ ಪದವಿ ಪಡೆದು, 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜು ತೆರೆದರು. ಸರಕಾರದ ಹಣವಿರಲಿಲ್ಲ. ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿ ನಡೆಸಿ ಅದರ ಲಾಭದಿಂದ ಕಾಲೇಜು ಸಾಕಿದರು. ಸಿಹಿ ಸೋಡಾ ಮಾರಿ ಹಲ್ಲು ಉಳಿಸುವ ವಿದ್ಯೆ ಕಲಿಸಿದರೆಂದು ನಗು ಬರುತ್ತದೆ, ಆದರೆ ಕೈಬಿಡಲಿಲ್ಲವೆಂಬುದೇ ದೊಡ್ಡದು. 1925ರಲ್ಲಿ ದಂತವೈದ್ಯ ಪತ್ರಿಕೆಯೊಂದನ್ನು ಆರಂಭಿಸಿದರು. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಅವರು ತಂದ ಕೈಪಿಡಿ ಕೀಳುವುದರ ಬಗ್ಗೆ ಅಲ್ಲ, ಕೆಟ್ಟ ಹಲ್ಲನ್ನು ಕೊರೆದು ತುಂಬಿ ಉಳಿಸುವುದರ ಬಗ್ಗೆ. 1949ರಲ್ಲಿ ಕಾಲೇಜನ್ನು ಸರಕಾರಕ್ಕೆ ಕೊಟ್ಟುಬಿಟ್ಟರು. ಅದು ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಸಿಂಧನೂರಿನ ಸುತ್ತ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳಿವೆ. ಅಲ್ಲಿನ ಗೆಳೆಯರೊಬ್ಬರಿಗೆ ಈ ಹೆಸರು ಹೇಳಿದೆ. ಅವರಿಗೂ ಗೊತ್ತಿರಲಿಲ್ಲ. ನಮಗಂತೂ ಗೊತ್ತೇ ಇರಲಿಲ್ಲ.

ರಾಯಚೂರು ಜಿಲ್ಲೆಯ ಹಲ್ಲಿನ ಕತೆಯಲ್ಲಿ ಇನ್ನೊಂದು ಗಂಟಿದೆ. ಇಲ್ಲಿಯ ಗಟ್ಟಿ ಬಂಡೆಯಿಂದ ಫ್ಲೋರೈಡ್ ಕರಗಿ ಬೋರಿನ ನೀರಿಗೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಗುವಿನ ಹಲ್ಲು ಹುಟ್ಟುವಾಗಲೇ ಕಂದು ಗೆರೆ ಹೊತ್ತು ಬರುತ್ತದೆ. ಎಷ್ಟು ಉಜ್ಜಿದರೂ ಹೋಗದು. ಕಾಲುವೆ ನೀರಿನ ಸಿಂಧನೂರಿಗಿಂತ ಬೋರನ್ನೇ ನಂಬಿದ ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಇದನ್ನು ನಾನು ಹೆಚ್ಚು ಕಂಡಿದ್ದೇನೆ. ವಿಚಿತ್ರವೆಂದರೆ ಹದವಾಗಿ ಹಚ್ಚಿದರೆ ಹುಳುಕನ್ನು ತಡೆಯುವುದೂ ಇದೇ ಫ್ಲೋರೈಡ್. 1969ರ ಸುಮಾರಿಗೆ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಕಂಡುಹಿಡಿದ ಗಾಜಿನ ಪುಡಿಯ ಸಿಮೆಂಟು, ಗ್ಲಾಸ್ ಅಯನೋಮರ್, ಹಲ್ಲಿಗೆ ತಾನಾಗಿ ಅಂಟುತ್ತದೆ, ಸ್ವಲ್ಪ ಸ್ವಲ್ಪವೇ ಫ್ಲೋರೈಡ್ ಬಿಡುತ್ತದೆ. ಇದನ್ನಿಟ್ಟುಕೊಂಡು 1980ರ ದಶಕದಲ್ಲಿ ಟಾಂಜಾನಿಯದಲ್ಲಿ ಜೋ ಫ್ರೆಂಕೆನ್ ಎಂಬ ಡಚ್ ವೈದ್ಯರು ಹೊಸ ಪದ್ಧತಿ ರೂಪಿಸಿದರು. ಕರೆಂಟು ಬೇಡ, ಯಂತ್ರ ಬೇಡ. ಕೈ ಉಪಕರಣದಿಂದ ಕೊಳೆತ ಭಾಗವನ್ನಷ್ಟೇ ಕೆರೆದು ಸಿಮೆಂಟು ತುಂಬುವುದು. ಶಾಲೆಯ ಬೆಂಚಿನ ಮೇಲೂ ಮಾಡಬಹುದು. ಹುಳುಕನ್ನು ತಡೆದು ನಿಲ್ಲಿಸುವ ಬೆಳ್ಳಿ ಫ್ಲೋರೈಡಿನ ದ್ರವವೊಂದೂ ಇದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಹಲ್ಲು ಉಳಿಯುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇವೆಲ್ಲ ಹುಳುಕು ನರ ಮುಟ್ಟುವ ಮೊದಲಿನ ಮಾತು. ಮುಟ್ಟಿದ ಮೇಲೆ ಉಳಿಯುವುದು ರೂಟ್ ಕೆನಾಲ್. ಕಳೆದ ವರ್ಷ ಮಗಳನ್ನು ಅದಕ್ಕಾಗಿ ಕರೆದುಕೊಂಡು ಹೋಗಿದ್ದೆ. ನಾಲ್ಕು ಸಲ ಬರಬೇಕೆಂದರು. ಪಕ್ಕದ ಕುರ್ಚಿಯಲ್ಲಿ ಕೆನ್ನೆ ಹಿಡಿದು ಕುಳಿತಿದ್ದ ಗೌಂಡಿಯೊಬ್ಬರಿಗೂ ಅದನ್ನೇ ಹೇಳಿದ್ದರು. ಮೂವತ್ತರ ಆಸುಪಾಸಿನ ಮನುಷ್ಯ. ‘ಹಲ್ಲು ಗಟ್ಟಿ ಐತಂತ್ರೀ, ಉಳಿಸಿಕೊಳ್ರಿ’ ಎಂದೆ.

‘ನಾಕು ಸಲ ಬರಾಕ ನಾಕು ದಿನದ ಪಗಾರ ಹೋಗ್ತೈತ್ರೀ ಸರ. ಮ್ಯಾಲೆ ಅವರ ಫೀಜು ಬ್ಯಾರೆ. ಕಿತ್ತಿಸಿದ್ರ ಇವತ್ತ ಮುಗೀತೈತಿ’ ಎಂದರು.

ನಮಗಿಂತ ಮೊದಲು ಅವರ ಪಾಳಿ ಬಂತು. ಹತ್ತು ನಿಮಿಷಕ್ಕೆ ಹತ್ತಿ ಕಚ್ಚಿಕೊಂಡು ಹೊರಬಂದು, ಕೈಸನ್ನೆಯಲ್ಲೇ ಬರ್ತೀನಿ ಎಂದು ಹೇಳಿ ಮಸ್ಕಿಯ ಬಸ್ಸಿಗೆ ಹೋದರು.